ಬೀಗರ ಮನೆಯಲ್ಲಿ ಆರಿಸಿದ ಬ್ರೌಸರ್

ನಾನು ಹೊಸಪೇಟೆಯಲ್ಲಿ ಶಟರ್ ಕೂರಿಸುವವನು. ಅಂಗಡಿಯ ಶಟರ್, ಗೋದಾಮಿನ ಗೇಟು, ಮನೆಯ ಕಬ್ಬಿಣದ ಬಾಗಿಲು, ಅವುಗಳ ಬೀಗ, ಕೀಲಿ, ಎಲ್ಲವೂ ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದೆ. ಕೆಲಸ ಕಲಿತ ಮೇಲೆ ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಸಂಡೂರಿನ ಕಡೆ ಗಣಿ ಕಚೇರಿಗಳ ಗೇಟುಗಳಲ್ಲಿ ನನ್ನ ಕೈಯವೂ ಇವೆ. ಹಂಪಿಯಲ್ಲಿ ಪ್ರವಾಸಿಗಳು ತಂಗುವ ಎಷ್ಟೋ ಕೋಣೆಗಳು ನಾನು ಹಾಕಿದ ಬೀಗ ನಂಬಿ ಮಲಗುತ್ತವೆ.

ಹಂಪಿಗೆ ಕೆಲಸಕ್ಕೆ ಹೋದಾಗಲೆಲ್ಲ ಹಳೆಯ ಹೆಬ್ಬಾಗಿಲುಗಳ ಕೆಳಗೆ ಒಂದು ಗಳಿಗೆ ನಿಲ್ಲುವುದು ನನಗೆ ರೂಢಿ. ಬಂದ ಜನ ಕತ್ತೆತ್ತಿ ಶಿಲ್ಪ ನೋಡುತ್ತಾರೆ, ನಾನು ಬಗ್ಗಿ ಹೊಸ್ತಿಲ ಮೂಲೆಯ ಕುಳಿ ನೋಡುತ್ತೇನೆ. ಬಾಗಿಲು ಎಂದೋ ಹೋಗಿದೆ, ಅದರ ತಿರುಗುಗೂಟ ಆಡುತ್ತಿದ್ದ ಕುಳಿ ಮಾತ್ರ ಉಳಿದಿದೆ. ಬೆರಳಾಡಿಸಿದರೆ ಗಾಜಿನಷ್ಟು ನುಣುಪು. ಎಷ್ಟು ಭಾರದ ಬಾಗಿಲು, ಎಷ್ಟು ತಲೆಮಾರು ತಿರುಗಿರಬೇಕು ಎಂದು ನೆನೆದರೆ ಮೈ ಝುಂ ಅನ್ನುತ್ತದೆ. ಅಂಥದೇ ಬೆರಗು ನನಗೆ ಇನ್ನೊಮ್ಮೆ ಆದದ್ದು ಅಂಗೈಯಗಲದ ಫೋನಿನ ಮುಂದೆ, ಕಂಪ್ಲಿಯ ನನ್ನ ಬೀಗರ ಪಡಸಾಲೆಯಲ್ಲಿ.

ಮಗಳನ್ನು ಕಂಪ್ಲಿಗೆ ಕೊಟ್ಟಿದ್ದೇನೆ. ಅಳಿಯ ಗಣಿಯಲ್ಲಿ ಶಿಫ್ಟ್ ಕೆಲಸದವನು, ವಾರಗಟ್ಟಲೆ ಸಂಡೂರಿನ ಕಡೆಗೇ ಇರುತ್ತಾನೆ. ಮಗಳು ಗಣಿತ ತೆಗೆದುಕೊಂಡು ಡಿಗ್ರಿ ಮುಗಿಸಿದವಳು, ಬಿ.ಎಡ್. ಮಾಡಿ ಟೀಚರ್ ಆಗಲೇಬೇಕೆಂದು ಹಟ ಹಿಡಿದಿದ್ದಳು. ಮದುವೆಯಾದ ಮೇಲೂ, ಕೈಗೆ ಕೂಸು ಬಂದ ಮೇಲೂ ಆ ಹಟ ಬಿಡಲಿಲ್ಲ. ಬೀಗರು ಒಪ್ಪಿದ್ದರು, ಆದರೆ ಒಂದು ಮಾತು ಹೇಳಿದ್ದರು: ಬೆಳಿಗ್ಗೆ ಹೋಗಿ ಸಂಜೆಗೆ ಕೂಸಿನ ಹತ್ತಿರ ಬರುವಂಥ ಕಾಲೇಜು ಸಿಕ್ಕರೆ ಓದಲಿ, ದೂರದ ಊರಿನ ಹಾಸ್ಟೆಲ್ ಆದರೆ ಬೇಡ. ನ್ಯಾಯವಾದ ಮಾತೇ. ಅವಳ ಅದೃಷ್ಟಕ್ಕೆ ಸೀಟು ಹೊಸಪೇಟೆಯಲ್ಲೇ ಬಂತು. ಬಂದರೆ ಸಾಲದು, ಅದನ್ನು ನೆಟ್ಟಿನಲ್ಲಿ ಒಪ್ಪಿದ್ದೇನೆ ಎಂದು ಒತ್ತಬೇಕು. ಕಡೆಯ ದಿನ ಸಂಜೆ ಐದರೊಳಗೆ ಒತ್ತದಿದ್ದರೆ ಆ ಸೀಟು ಬೇರೆಯವರಿಗೆ.

ಆ ಕಡೆಯ ದಿನವೇ ಬೆಳಿಗ್ಗೆ ಅವಳ ಫೋನು ನೀರಿನ ತೊಟ್ಟಿಗೆ ಬಿತ್ತು. ಅವಳು ಕಂಪ್ಲಿಯ ಕಂಪ್ಯೂಟರ್ ಸೆಂಟರಿಗೆ ಓಡಿ, ಅಲ್ಲಿಂದ ನನಗೆ ಫೋನ್ ಮಾಡಿದಳು.

"ಅಪ್ಪಾ, ನಿನ್ನ ಫೋನಿಗೆ ಓಟಿಪಿ ಬಂದತಿ ನೋಡು. ಹೇಳು."

ಅರ್ಜಿ ಹಾಕುವಾಗ ಅವಳು ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು, ನನ್ನ ನಂಬರನ್ನೇ ಕೊಟ್ಟಿದ್ದಳು. ಓಟಿಪಿ ಬಂದಿತ್ತು. ನಾನು ಕೇಳಿದೆ, "ಯಾರ ಫೋನಿಂದ ಮಾತಾಡಾಕತ್ತೀ?"

"ಸೆಂಟರಿನ ಅಣ್ಣಂದು. ಅವರೇ ತುಂಬ್ತಾರ. ಜಲ್ದಿ ಹೇಳಪ್ಪ, ಹಿಂದ ಭಾಳ ಮಂದಿ ನಿಂತಾರ."

"ಓಟಿಪಿ ಯಾರಿಗೂ ಹೇಳಬಾರ್ದು."

"ನಾ ನಿನ್ನ ಮಗಳು!"

"ನೀ ಮಗಳು, ಖರೆ. ಹಿಂದ ನಿಂತ ಮಂದಿ ಎಲ್ಲಾ ನನ್ನ ಮಕ್ಕಳೇನು?"

ನಾನು ಕೀಲಿ ಮಾಡುವವನು. ಇನ್ನೊಬ್ಬರ ಮನೆಯ ಕೀಲಿಯನ್ನು ಬಜಾರಿನಲ್ಲಿ ಎತ್ತಿ ತೋರಿಸುವುದು ನಮ್ಮ ಕಸುಬಿನಲ್ಲಿ ಇಲ್ಲ. "ನೀ ಮನಿಗೆ ಹೋಗು. ಓಟಿಪಿ ನಾನೇ ತರ್ತೀನಿ" ಎಂದು ಶಟರ್ ಎಳೆದು ಬಸ್ ಸ್ಟ್ಯಾಂಡಿಗೆ ನಡೆದೆ. ಕಮಲಾಪುರ ದಾಟಿ, ಬಾಳೆತೋಟ, ಕಾಲುವೆ, ಭತ್ತದ ಗದ್ದೆಗಳ ನಡುವೆ ಬಸ್ಸು ಹೋಗುವಾಗಲೂ ಒಂದು ಕೈ ಕಿಸೆಯ ಮೇಲೇ ಇತ್ತು.

ಬೀಗರು ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಆಯುಷ್ಯವೆಲ್ಲ ಕಂಪ್ಲಿ-ಹೊಸಪೇಟೆ ರಸ್ತೆಯಲ್ಲಿ ಬಸ್ಸು ಓಡಿಸಿ ಮನೆಯಲ್ಲಿ ಕೂತವರು. ನಮ್ಮ ಕಡೆ ಬೀಗರೆಂದರೆ ಒಬ್ಬರ ಕಾಲು ಒಬ್ಬರು ಎಳೆಯಲೇಬೇಕು, ಎಳೆಯದಿದ್ದರೆ ಏನೋ ಮುನಿಸು ಅಂತ ಜನ ತಿಳಿಯುತ್ತಾರೆ.

"ಬರ್ರಿ ಬೀಗ್ರ, ಬರ್ರಿ. ಓಟಿಪಿ ಬಸ್ಸಿನಾಗ ತಂದ್ರಂತಲ್ಲ! ಅದಕ್ಕೂ ಟಿಕೆಟ್ ತಗೊಂಡ್ರೋ, ಹಂಗೇ ಕಿಸೆದಾಗ ಮುಚ್ಚಿಟ್ಟುಕೊಂಡು ಬಂದ್ರೋ?"

"ಕಂಡಕ್ಟರ್ ಕೇಳಲಿಲ್ಲ ಬಿಡ್ರಿ. ನಿಮ್ಮ ಬಸ್ಸಿನಾಗಾದ್ರ ಕೋಳಿಗೂ ಟಿಕೆಟ್ ಹರೀತಿದ್ರಂತ."

"ಕೋಳಿಗೆ ಹರಿಸೀನಿ, ಖರೆ. ಬೀಗರಿಗೆ ಹರಿಸಿಲ್ಲ. ಕುಂದ್ರಿ."

ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮುಖ ಬಿಗಿದುಕೊಂಡಿತ್ತು. "ಅಪ್ಪಾ, ಆ ಓಟಿಪಿ ನೀ ಬಸ್ ಹತ್ತೋದ್ರಾಗ ಸತ್ತಿರ್ತತಿ. ಅದಕ್ಕ ಹತ್ತು ನಿಮಿಷ ಅಷ್ಟೇ ಜೀವ. ಈಗ ಹೊಸಾದು ತರಿಸ್ಬೇಕು."

"ಅಯ್ಯ ಪಾಪ! ದಾರ್ಯಾಗೇ ಸತ್ತೋತೇನು?" ಎಂದು ಬೀಗರು ತಲೆಯ ಮೇಲಿನ ಟವೆಲ್ ತೆಗೆದು ಎದೆಗೆ ಹಿಡಿದರು. ಬಿಗಿದಿದ್ದ ಮಗಳ ಮುಖವೂ ಸಡಿಲವಾಯಿತು.

ನನಗೆ ನಗು ಬರಲಿಲ್ಲ. ಹತ್ತು ನಿಮಿಷಕ್ಕೆ ತಾನಾಗಿ ಸಾಯುವ ಕೀಲಿ! ನಾನು ಮಾಡಿದ ಕೀಲಿಗಳು ಮನೆ ಬಿದ್ದ ಮೇಲೂ ಗೂಟಕ್ಕೆ ನೇತಾಡುತ್ತವೆ. ಕೀಲಿ ಕಳೆಯಿತೆಂದು ಜನ ಬೀಗವನ್ನೇ ಒಡೆಸಲು ಬರುತ್ತಾರೆ. ಕೆಲಸ ಮುಗಿದ ಕೂಡಲೇ ಇಲ್ಲವಾಗುವ ಕೀಲಿಯನ್ನು ಯಾವ ಪುಣ್ಯಾತ್ಮ ಯೋಚಿಸಿದನೋ!

ಮನೆಯಲ್ಲಿ ಬೀಗರದು ಗುಂಡಿ ಒತ್ತುವ ಫೋನು. ಹಾಗಾಗಿ ಕೆಲಸವೆಲ್ಲ ನನ್ನ ಫೋನಿನಲ್ಲೇ ಆಗಬೇಕು. ನಾನು 'ನೆಟ್' ಎಂದು ಕರೆಯುತ್ತಿದ್ದ ಚಿತ್ರ ಒತ್ತಿ ಅವಳ ಕೈಗೆ ಕೊಟ್ಟೆ. ತೆರೆಯುವಷ್ಟರಲ್ಲಿ ಯಾರದೋ ಮದುವೆಯ ಸುದ್ದಿ, ಚಿನ್ನದ ಜಾಹೀರಾತು, ನಿಮ್ಮ ಫೋನಿಗೆ ವೈರಸ್ ಬಂದಿದೆ ಎಂದು ಮಿಣುಕುವ ಅಕ್ಷರ, ಒಂದರ ಮೇಲೊಂದು ಹತ್ತಿಕೊಂಡವು. ಮಗಳು ಒಂದೊಂದನ್ನೇ ಸರಿಸಿ, ಸೀಟಿನ ಪುಟದ ಹೆಸರು ಬರೆದು ಹುಡುಕಿದಳು. ಮೊದಲು ಬಂದದ್ದನ್ನು ಒತ್ತಿದಳು. ಬಣ್ಣ, ಮುದ್ರೆ, ಮೇಲೆ ಓಡುವ ಅಕ್ಷರ, ಎಲ್ಲ ಸರಿಯಾಗಿತ್ತು. ಎಲ್ಲಕ್ಕಿಂತ ಮೇಲೆ ಪುಟ್ಟದೊಂದು ಬೀಗದ ಗುರುತು.

"ಬೀಗ ಐತಿ ನೋಡು. ಗಟ್ಟಿ ಐತಿ. ನಂಬರ್ ಹಾಕು" ಎಂದೆ.

ಅವಳು ಹಾಕಲಿಲ್ಲ. ಬೀಗದ ಪಕ್ಕದ ವಿಳಾಸವನ್ನು ಅಕ್ಷರ ಅಕ್ಷರ ಓದಿದಳು. "ಇದು ಅದಲ್ಲಪ್ಪ. ಸರ್ಕಾರದ ವಿಳಾಸದ ಕಡೀ ಅಕ್ಷರ ಬ್ಯಾರೇನೇ ಇರ್ತಾವು. ಇದು ಯಾರೋ ಅದರಂಗ ಮಾಡಿಟ್ಟಿದ್ದು. ನಂಬರು, ಪಾಸ್‌ವರ್ಡ್ ಕೊಟ್ರ ನನ್ನ ಹೆಸರಿನಾಗ ಅವರು ಏನು ಬೇಕಾದ್ರೂ ಮಾಡ್ತಾರ."

"ಬೀಗ ಹಾಕ್ಯಾರಲ್ಲ ಮತ್ತ?"

"ಕಳ್ಳ ತನ್ನ ಮನಿಗೆ ಬೀಗ ಹಾಕ್ಕೊಳ್ಳಂಗಿಲ್ಲೇನು?"

ಬೀಗರು ತೊಡೆ ತಟ್ಟಿದರು. "ಬೀಗ್ರ, ನಿಮ್ಮ ಕಸುಬಿಗೇ ಕೈ ಹಾಕಿದ್ಲು ನೋಡ್ರಿ! ನಾನೂ ನಿಮಗ ಬೀಗ, ನನ್ನೂ ಹಂಗೇ ನಂಬಿ ಮಗಳ್ನ ಕೊಟ್ರೇನು?"

"ನಿಮ್ಮನ್ನ ನೋಡಿ ಕೊಟ್ಟಿಲ್ಲರಿ. ನಿಮ್ಮ ಮನಿಯಾಕೀನ ನೋಡಿ ಕೊಟ್ಟೀನಿ" ಎಂದೆ. ಒಳಗಿನಿಂದ ಬೀಗತಿ ನಕ್ಕ ಸದ್ದು ಕೇಳಿತು.

ಮಗಳು ತಿಳಿಸಿ ಹೇಳಿದಳು. ಆ ಗುರುತಿನ ಅರ್ಥ ಇಷ್ಟೇ: ನಮ್ಮ ಫೋನಿನಿಂದ ಆ ಮನೆಯವರೆಗಿನ ದಾರಿಯಲ್ಲಿ ಯಾರೂ ಇಣುಕಲಾರರು. ಆ ಮನೆಯಲ್ಲಿ ಇರುವವರು ಯಾರು, ಒಳ್ಳೆಯವರೋ ಕೆಟ್ಟವರೋ, ಅದನ್ನು ಬೀಗ ಹೇಳುವುದಿಲ್ಲ. ಹೌದಲ್ಲ ಅನಿಸಿತು. ನಾನೇ ಎಷ್ಟು ಜನಕ್ಕೆ ಬೀಗ ಮಾರಿದ್ದೇನೆ. ನೀನು ಸಾಚಾ ಮನುಷ್ಯನೇನಪ್ಪ ಎಂದು ಒಬ್ಬರನ್ನೂ ಕೇಳಿ ಮಾರಿಲ್ಲ.

ಸರಿಯಾದ ವಿಳಾಸವನ್ನು ಅವಳು ತಾನೇ ಬರೆದು ತೆರೆಯಲು ನೋಡಿದಳು. ಬಿಳಿ ಪರದೆಯ ನಡುವೆ ಒಂದು ಉಂಗುರ ತಿರುಗಿತು, ತಿರುಗಿತು. ಕಡೆಗೆ, ಈ ಬ್ರೌಸರ್ ಹಳೆಯದಾಗಿದೆ, ಇದರಲ್ಲಿ ಪುಟ ತೆರೆಯುವುದಿಲ್ಲ ಎಂದು ಬಂತು. ಮಧ್ಯಾಹ್ನ ಮೂರು ದಾಟಿತ್ತು. ಸೆಂಟರಿನ ಸಾಲು ಬೀದಿಗೆ ಬಂದಿದೆ ಎಂದು ಬೀಗತಿ ನೋಡಿಕೊಂಡು ಬಂದು ಹೇಳಿದರು. ಮಗಳು ತುಟಿ ಕಚ್ಚಿದಳು. "ಬ್ರೌಸರ್ ಬದಲಿ ಮಾಡ್ಬೇಕು."

"ಬ್ರೌಸರ್ ಅಂದ್ರ ಏನವ್ವಾ?" ಎಂದರು ಬೀಗರು. ಅವರು ಕೇಳಿದ್ದು ಒಳ್ಳೆಯದಾಯಿತು, ನನಗೂ ಗೊತ್ತಿರಲಿಲ್ಲ.

"ನೆಟ್ ಅನ್ನೋದು ಊರು ಅಂತ ತಿಳ್ಕೊಳ್ರಿ ಮಾವಾ. ಬ್ರೌಸರ್ ಅಂದ್ರ ಆ ಊರಿಗೆ ಹೋಗೋ ಬಸ್ಸು. ಬ್ಯಾರೆ ಬ್ಯಾರೆ ಬಸ್ಸು ಇರ್ತಾವು, ಊರು ಒಂದೇ."

ಇಷ್ಟು ವರ್ಷ ನೆಟ್ ಎಂದರೆ ಆ ಒಂದು ಚಿತ್ರವೇ ಅಂದುಕೊಂಡಿದ್ದೆ. ಫೋನು ಕೊಂಡಾಗ ಅದರೊಳಗೆ ಇದ್ದದ್ದು, ಗಾಳಿ ನೀರಿನ ಹಾಗೆ. ಅದೊಂದು ಬಾಗಿಲು, ಅದನ್ನು ಕಿತ್ತು ಬೇರೆ ಕೂರಿಸಬಹುದು ಎಂದರೆ! ಬಾಗಿಲು ಕೂರಿಸುವುದೇ ನನ್ನ ಕೆಲಸ, ಆದರೂ ಇದು ಹೊಳೆದಿರಲಿಲ್ಲ.

ಬಸ್ಸು ಎಂದ ಕೂಡಲೇ ಬೀಗರು ಹತ್ತಿರ ಸರಿದರು. ಮಗಳು ಫೋನಿನಲ್ಲಿ ತೆರೆದ ಆ್ಯಪ್ ಅಂಗಡಿಯಲ್ಲಿ ಸಾಲು ಸಾಲು ಬ್ರೌಸರುಗಳು. ಒಂದರ ಮೇಲೆ ರಾಕೆಟ್ಟಿನ ಚಿತ್ರ.

"ಇದಾ ಇರಲಿ" ಎಂದರು ಬೀಗರು. "ಓಡೋದು ಮುಖ್ಯ. ಟೈಮಿಗೆ ಮುಟ್ಟದ ಬಸ್ಸು ಯಾತಕ್ಕ?"

"ಬಾಗಿಲು ಹಾಕದ ಬಸ್ಸಿನ್ಯಾಗ ಓಡಿ ಏನ್ ಮಾಡ್ತೀರಿ? ಮಂದಿ ದಾರ್ಯಾಗ ಉದುರ್ತಾರ" ಎಂದೆ ನಾನು. "ಗಟ್ಟಿ ಇರೋದು ನೋಡವ್ವಾ."

"ಗಟ್ಟಿ ಗಟ್ಟಿ ಅಂತ ಎತ್ತಿನ ಬಂಡಿ ತರಬ್ಯಾಡ್ರಿ ಮತ್ತ!"

"ಇಬ್ಬರೂ ಸ್ವಲ್ಪ ಸುಮ್ನಿರ್ರಿ" ಎಂದಳು ಮಗಳು. ಟೀಚರ್ ಆಗುವವಳ ದನಿ ಅದು, ಇಬ್ಬರೂ ಬಾಯಿ ಮುಚ್ಚಿದೆವು. ಅವಳು ರಾಕೆಟ್ಟಿನದನ್ನು ತೆರೆದು, ಅದು ಏನೇನು ಕೇಳುತ್ತದೆ ಎಂದು ಓದಿದಳು. ಫೋನಿನಲ್ಲಿರುವ ಹೆಸರುಗಳು, ಫೋಟೋಗಳು, ನಾವು ಇರುವ ಜಾಗ, ಮೈಕು, ಎಲ್ಲದಕ್ಕೂ ಮೊದಲೇ ಅಪ್ಪಣೆ ಬೇಕಂತೆ.

"ಬಾಗಿಲು ಕೂರಿಸೋಕ ಬಂದೋನು ಟ್ರಂಕಿನ ಕೀಲಿ ಯಾಕ ಕೇಳ್ತಾನ?" ಎಂದೆ. ನಾನು ಸಾವಿರ ಮನೆ ಹೊಕ್ಕಿದ್ದೇನೆ, ಹೊಸ್ತಿಲು ಅಳೆಯುತ್ತೇನೆಯೇ ಹೊರತು ಒಳಗಿನ ಪೆಟ್ಟಿಗೆ ಕಡೆ ಕಣ್ಣು ಹಾಕಿಲ್ಲ. ಬೀಗರೂ ಈ ಸಲ ತಲೆ ಅಲ್ಲಾಡಿಸಿದರು. "ಹ್ಞೂಂ. ಕಂಡಕ್ಟರ್ ಟಿಕೆಟ್ ಕೇಳ್ಬೇಕು, ಜಾತಕ ಕೇಳಬಾರ್ದು. ತಗಿಯವ್ವಾ ಅದನ್ನ."

ಅವಳು ಇನ್ನೊಂದನ್ನು ನೋಡಿದಳು. ಮಾಡಿದವರು ಯಾರು ಎಂದು ತಿಳಿಯುತ್ತಿತ್ತು. ಈಚೆಗೆ ರಿಪೇರಿ ಮಾಡಿ ಹೊಸದಾಗಿ ಬಿಟ್ಟದ್ದು ಯಾವಾಗ ಎಂದು ನೋಡಿದಳು, ಅದೇ ವಾರದ್ದಿತ್ತು. "ಕಳ್ಳರು ದಿನಾ ಹೊಸಾ ಉಪಾಯ ಹುಡುಕ್ತಾರಪ್ಪ. ಬ್ರೌಸರ್ ಮಾಡೋರೂ ದಿನಾ ತೂತು ಮುಚ್ತಿರ್ಬೇಕು. ನೀ ಅಪ್‌ಡೇಟ್ ಬಂದ್ ಮಾಡಿ ಇಟ್ಟಿದ್ದಿ, ಅದಕ್ಕ ಹಳೇದು ಕೆಟ್ಟತಿ." ಇದು ಜಾಹೀರಾತುಗಳನ್ನೂ, ಬೆನ್ನು ಹತ್ತಿ ಬಂದು ನಾವು ಏನು ನೋಡುತ್ತೇವೆ ಎಂದು ಬರೆದುಕೊಳ್ಳುವವರನ್ನೂ ಬಾಗಿಲಲ್ಲೇ ತಡೆಯುತ್ತದಂತೆ. ಅದನ್ನೇ ಇಳಿಸಲು ಹೊರಟರೆ ಫೋನಿನಲ್ಲಿ ಜಾಗವಿಲ್ಲ.

"ಲಗೇಜ್ ಇಳಿಸ್ರಿ, ಲಗೇಜ್ ಇಳಿಸ್ರಿ" ಎಂದು ಬೀಗರು ಹಳೆಯ ದನಿಯಲ್ಲಿ ಕೂಗಿದರು. ಮಂದಿ ಕಳಿಸಿದ ಶುಭೋದಯದ ವಿಡಿಯೋಗಳನ್ನೆಲ್ಲ ನಾನೇ ಅಳಿಸಿದೆ. ಅದರಲ್ಲಿ ಮುಕ್ಕಾಲು ಬೀಗರ ಅಣ್ಣತಮ್ಮಂದಿರು ಕಳಿಸಿದ್ದು ಎಂದು ಹೇಳಲು ಮರೆಯಲಿಲ್ಲ.

ಹೊಸದು ಬಂದು ಕೂತಿತು. ತೆರೆದರೆ ಬಟ್ಟಬಯಲು. ಸುದ್ದಿಯಿಲ್ಲ, ಚಿನ್ನವಿಲ್ಲ. ನಾನು ಮೊದಲು ನೋಡಿದ್ದು ಮೇಲುಗಡೆ. "ಇದ್ರಾಗ ಬೀಗಾನೇ ಇಲ್ಲ!"

"ತೆಗದಾರಪ್ಪ. ಬೀಗ ಕಂಡ್ರ ಸಾಕು, ಒಳಗಿರೋರೂ ಒಳ್ಳೇರು ಅಂತ ಮಂದಿ ತಿಳ್ಕೊಳ್ಳಾಕ ಹತ್ತಿದ್ರು. ಅದಕ್ಕ ಗುರುತು ತಗದು, ಬೀಗ ಇಲ್ಲದ ಕಡೆ ಮಾತ್ರ ಒದರೋ ಹಂಗ ಮಾಡ್ಯಾರ. ಬೀಗ ಇರೋದು ಈಗ ದೊಡ್ಡ ಮಾತಲ್ಲ."

ನನ್ನಂತೆ ತಪ್ಪು ತಿಳಿದವರು ಜಗತ್ತಿನಲ್ಲೆಲ್ಲ ಎಷ್ಟು ಜನ ಇದ್ದರೋ, ನಮಗಾಗಿ ಒಂದು ಗುರುತನ್ನೇ ಅಳಿಸಿದ್ದರು! ಅದನ್ನು ನಾನು ಅರಗಿಸಿಕೊಳ್ಳುವುದರಲ್ಲಿ ಅವಳು, "ಇಲ್ನೋಡು" ಎಂದು ಆ ಮೊದಲಿನ ಸುಳ್ಳು ಪುಟದ ವಿಳಾಸವನ್ನು ಇದರಲ್ಲಿ ಒತ್ತಿದಳು. ಪರದೆಗೆ ಪರದೆಯೇ ಕೆಂಪಾಯಿತು. ಮುಂದೆ ಮೋಸವಿದೆ, ಹಿಂದಿರುಗಿ ಎಂಬ ಮಾತು. ಬೀಗರು ಹಿಂದೆ ಸರಿದರು, ರಸ್ತೆಗೆ ಅಡ್ಡ ಬಂದದ್ದನ್ನು ಕಂಡವರ ಹಾಗೆ ಬಲಗಾಲು ನೆಲಕ್ಕೆ ಒತ್ತಿದರು. ಬ್ರೇಕು ಅವರ ಕಾಲಿನಿಂದ ಇನ್ನೂ ಹೋಗಿಲ್ಲ.

ಯಾರೋ ಎಲ್ಲೋ ಕೂತು, ನಾವು ಕಾಣದ ಊರುಗಳ ಕಳ್ಳಮನೆಗಳನ್ನೆಲ್ಲ ಗುರುತಿಟ್ಟು, ಕಂಪ್ಲಿಯ ಈ ಪಡಸಾಲೆಯಲ್ಲಿ ನನ್ನ ಮಗಳ ಕೈ ಹಿಡಿದು ನಿಲ್ಲಿಸಿದ್ದರು. ನಮ್ಮ ಪರಿಚಯ ಅವರಿಗಿಲ್ಲ, ಅವರದು ನಮಗಿಲ್ಲ.

ಈಗ ಸರಿಯಾದ ವಿಳಾಸ ಒತ್ತಿದಳು. ಉಂಗುರ ಎರಡು ಸುತ್ತು ತಿರುಗಿತೋ ಇಲ್ಲವೋ, ಪುಟ ಎದುರಿಗಿತ್ತು.

"ಹೆಂಗ ಇಷ್ಟು ಜೋರು ಓಡ್ತು?" ಬೀಗರಿಗೆ ನಂಬಿಕೆ ಬರಲಿಲ್ಲ. "ಗಟ್ಟಿ ಇರೋದು ಸಾವಕಾಶ ಹೋಗ್ಬೇಕಲ್ಲ?"

"ಅಡ್ಡ ಬರೋರನ್ನ ಹತ್ತಿಸಿಕೊಳ್ಳಂಗಿಲ್ಲ ಮಾವಾ. ಹಳೇದು ಹತ್ತು ಮಂದಿ ಜಾಹೀರಾತಿನೋರನ್ನ ಹೊತ್ಕೊಂಡು ಹೊಂಟಿತ್ತು. ಇದು ನಮ್ಮನ್ನಷ್ಟೇ ಕರ್ಕೊಂಡು ಹೊಂಟತಿ."

ಬೀಗರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಾಗಿಲು ಬಿಗಿ ಮಾಡಿದಷ್ಟೂ ಓಡಾಟ ನಿಧಾನ ಎನ್ನುವುದನ್ನು ನಾನು ಗಿರಾಕಿಗಳಿಗೆ ಹೇಳಿಕೊಂಡು ಬಂದವನು. ಇಲ್ಲಿ ಬಾಗಿಲು ಬಿಗಿಯಾಗಿತ್ತು, ಅದಕ್ಕೇ ಓಟವಿತ್ತು. ನಾವಿಬ್ಬರು ಇಷ್ಟು ಹೊತ್ತು ಜಗಳವಾಡಿದ್ದು ಒಂದೇ ವಸ್ತುವಿಗಾಗಿ.

ಮಗಳು ನಂಬರು ಹಾಕಿ ಓಟಿಪಿ ಕೇಳಿದಳು. ಬರಲಿಲ್ಲ. ಕಡೆಯ ದಿನ, ರಾಜ್ಯದ ತುಂಬ ಎಲ್ಲರೂ ಕೇಳುತ್ತಿರಬೇಕು. ನಾಲ್ಕು ದಾಟಿತು. ಕೂಸು ಅಳತೊಡಗಿತು, ಬೀಗತಿ ಎತ್ತಿಕೊಂಡು ಅಂಗಳಕ್ಕೆ ಹೋದರು. ಮಗಳು ಮತ್ತೆ ಮತ್ತೆ ಗಡಿಯಾರ ನೋಡುವುದು ಕಂಡು, ಅವಳ ಗಮನ ಬೇರೆ ಕಡೆ ಹೋಗಲಿ ಎಂದು ಕೇಳಿದೆ. "ಆ ಕಾಣದ ಬೀಗ ಅಂದಿ. ಅದರ ಕೀಲಿ ಯಾರ ಹತ್ರ ಐತಿ?"

"ಈಗಷ್ಟೇ ತಯಾರಾತು. ಒಂದು ಈ ಫೋನಿನ್ಯಾಗ, ಒಂದು ಅಲ್ಲಿ, ಆ ಪುಟ ಇರೋ ಕಂಪ್ಯೂಟರಿನ್ಯಾಗ."

"ಅಲ್ಲಿಂದ ಇಲ್ಲಿಗೆ ಕಳಿಸಿದ್ರೇನು? ದಾರ್ಯಾಗ ಯಾರಾದ್ರೂ ನೋಡಿದ್ರ?"

"ಯಾರೂ ಕಳಿಸಿಲ್ಲ. ಎರಡೂ ಕಡೆ ಎಲ್ಲರಿಗೂ ಕೇಳೋ ಹಂಗೇ ಲೆಕ್ಕ ಮಾತಾಡ್ಕೊಂಡು, ತಮ್ಮ ತಮ್ಮ ಮನ್ಯಾಗ ಕುಂತು ಒಂದೇ ಥರದ ಕೀಲಿ ಮಾಡ್ಕೊಂಡ್ವು. ಇಬ್ಬರೂ ಒಂದೊಂದು ಗುಟ್ಟಿನ ಸಂಖ್ಯೆ ಹೇಳದಂಗ ಇಟ್ಕೊಂಡಿರ್ತಾರ."

"ಕೇಳಿಸ್ಕೊಂಡ ಮಂದಿ ಮಾಡ್ಕೊಳ್ಳಾಕ ಆಗಂಗಿಲ್ಲೇನು?"

"ಆಗಂಗಿಲ್ಲ. ಆ ಲೆಕ್ಕ ಮುಂದಕ್ಕ ಮಾಡೋದು ಸುಲಭ, ಹಿಂದಕ್ಕ ಬಿಚ್ಚೋದು ಯಾರ ಕೈಲೂ ಆಗಂಗಿಲ್ಲ. ನೀ ಅರ ಹಾಕಿ ಕೀಲಿ ತಿಕ್ಕಿದ ಮ್ಯಾಲ ಆ ಪುಡಿ ಎಲ್ಲಾ ಆರಿಸಿ ಮತ್ತ ಮೊದಲಿನಂಗ ಅಂಟಿಸಾಕ ಬರ್ತತೇನು?"

ಕೀಲಿ ಮಾಡಲು ಒಂದೋ ಹಳೆಯ ಕೀಲಿ ಕೈಯಲ್ಲಿ ಬೇಕು, ಇಲ್ಲವೇ ಬೀಗ ಬಿಚ್ಚಬೇಕು. ಇದು ಬಿಟ್ಟು ಮೂರನೆಯ ದಾರಿ ನಾನು ಕಂಡಿಲ್ಲ. ಹೊಸಪೇಟೆಯಲ್ಲಿ ಒಬ್ಬ, ಇನ್ನೆಲ್ಲೋ ಒಬ್ಬ, ಎಂದೂ ಮುಖ ನೋಡದ ಇಬ್ಬರು, ತುಂಬಿದ ಸಂತೆಯ ನಡುವೆ ಗಟ್ಟಿಯಾಗಿ ಮಾತಾಡಿಕೊಂಡು, ಕೇಳಿದ ಒಬ್ಬನಿಗೂ ತಿಳಿಯದ ಹಾಗೆ ಒಂದೇ ಹಲ್ಲಿನ ಕೀಲಿ ತಿಕ್ಕಿ ಮುಗಿಸುತ್ತಾರೆ. ಅದೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ನನ್ನ ಕೈಗಳನ್ನು ನೋಡಿಕೊಂಡೆ. ಅರದ ಗೆರೆಗಳು ಕೂತ ಬೆರಳುಗಳು. ಈ ಕೆಲಸ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ಇದೇ ಕೆಲಸ ಇಷ್ಟು ದೂರ ಬೆಳೆದು ನಿಂತಿದೆ ಎಂದು ಕಂಡಾಗ ಸಣ್ಣವನಾದೆ ಅನಿಸಲಿಲ್ಲ. ನಮ್ಮ ಮನೆತನದವನೊಬ್ಬ ಎಲ್ಲೋ ಹೋಗಿ ದೊಡ್ಡ ಹೆಸರು ಮಾಡಿದ ಸುದ್ದಿ ಕೇಳಿದಂತಾಯಿತು.

ಫೋನು ಟಿಣ್ ಎಂದಿತು. ಓಟಿಪಿ.

"ಅಪ್ಪಾ, ಈಗಾದ್ರೂ ಹೇಳ್ತೀಯೋ, ಇಲ್ಲಾ ಸಾಯ್ಲಿ ಅಂತೀಯೋ?"

ಬೀಗರು ಎರಡೂ ಕಿವಿಗೆ ಕೈ ಮುಚ್ಚಿಕೊಂಡರು. "ನಾ ಕೇಳಿಸ್ಕೊಂಡಿಲ್ಲರೀ ಬೀಗ್ರ, ಹೇಳ್ರಿ!"

ಅವಳೇ ನೋಡಿಕೊಂಡು ತುಂಬಿದಳು. ಹೊಸಪೇಟೆಯ ಕಾಲೇಜಿನ ಹೆಸರು ಬಂತು, ಕೆಳಗೆ ಒಪ್ಪಿದ್ದೇನೆ ಎಂಬ ಗುಂಡಿ. ವಿಳಾಸವನ್ನು ಇನ್ನೊಮ್ಮೆ ಓದಿದಳು. ಒತ್ತಿದಳು. ನಿಮ್ಮ ಸೀಟು ಖಚಿತವಾಗಿದೆ ಎಂದು ಬಂದದ್ದನ್ನು ನಾವು ಮೂವರೂ ಓದಿದೆವು, ಬೀಗರು ಜೋರಾಗಿ, ಬೋರ್ಡು ಓದುವ ಹಾಗೆ ಓದಿದರು. ಐದಕ್ಕೆ ಇನ್ನೂ ಹೊತ್ತಿತ್ತು. ಮಗಳು ಅದರ ಪ್ರತಿ ಇಳಿಸಿಕೊಂಡು, ಲಾಗ್‌ಔಟ್ ಒತ್ತಿ, ಪುಟ ಮುಚ್ಚಿದಳು.

"ಆ ಕೀಲಿ ಎಲ್ಲಿ ಹೋತು ಈಗ?" ಎಂದೆ.

"ಹೋತು. ಎರಡೂ ಕಡೆ ಮುರದು ಒಗದ್ವು. ಇನ್ನೊಮ್ಮೆ ಬಂದ್ರ ಇನ್ನೊಂದು ಮಾಡ್ಕೊಂತಾವು."

ಅಷ್ಟು ಚಂದದ ಕೆಲಸವನ್ನು ಯಾರೂ ನೋಡದೆಯೇ ಮುರಿದು ಒಗೆಯುತ್ತಾರೆ! ನಾನು ಆ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡುತ್ತ ಕೂತೆ. ಮಗಳು ಎದ್ದು ಅಂಗಳಕ್ಕೆ ಹೋಗಿ ಕೂಸನ್ನು ಎತ್ತಿಕೊಂಡಳು, ಅದರ ಕತ್ತಿನಲ್ಲಿ ಮುಖ ಹುದುಗಿಸಿ ನಿಂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹಿಂದಿನಿಂದ ತಿಳಿಯಲಿಲ್ಲ.

ಬೀಗರ ಹಾಸ್ಯವೆಲ್ಲ ಅಡಗಿತ್ತು. ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತು ಸೊಸೆಗೆ ಹೇಳಿದರು.

"ಯವ್ವಾ, ಬೆಳಗಿನ ಬಸ್ಸಿಗೆ ಹತ್ತು. ಡ್ರೈವರ್‌ಗೆ ನಾ ಹೇಳ್ತೀನಿ. ಬಲಗಡೆ ಕಿಡಕಿಗೆ ಕುಂದ್ರು, ಬಿಸಿಲು ಬಡಿಯಂಗಿಲ್ಲ, ಓದ್ಕೊಂಡು ಹೋಗಾಕ ಬರ್ತತಿ. ಸಂಜಿಗೆ ಬರುವಾಗೂ ಬಲಕ್ಕೇ ಕುಂದ್ರು. ಬಸ್ಸು ತಿರುಗಿದಂಗ ಸೂರ್ಯಾನೂ ತಿರುಗಿರ್ತಾನ, ಆ ರಸ್ತ್ಯಾಗ ಹೋಗಾಗೂ ನೆಳ್ಳು ಬಲಕ್ಕ, ಬರಾಗೂ ಬಲಕ್ಕ."